ಬಂಡೆಗಣ್ಣು ಕಾಣದ ಜಾಗ

ಕರಿಗುಡ್ಡದ ಚಿನ್ನದ ಗಣಿಗೆ ಬಂಡೆಗಣ್ಣು ಎಂಬ ಯಂತ್ರ ಬಂದ ಮೇಲೆ ಆ ಊರಿನ ಹೆಂಗಸರು ಬೆಳಿಗ್ಗೆ ಒಲೆ ಹಚ್ಚುವ ಮೊದಲು ಮೊಬೈಲ್ ನೋಡತೊಡಗಿದರು. ನೆಲದಾಳದ ಬಂಡೆ ಪರದೆಯ ಮೇಲೆ ಗಾಜಿನ ಗುಡ್ಡದಂತೆ ತೆರೆದುಕೊಳ್ಳುತ್ತಿತ್ತು. ಗಟ್ಟಿ ಕಲ್ಲು ಹಸಿರು, ನೀರು ನಿಂತ ಸೀಳು ನೀಲಿ, ಬಿರುಕು ಬಿಟ್ಟು ಕುಸಿಯಲಿರುವ ಕಲ್ಲು ಕೆಂಪು. ಗಂಡ ಇಳಿಯುವ ಲೆವಲ್ಲನ್ನು, ಗಣಿಯ ಆ ಅಂತಸ್ತನ್ನು, ಬೆರಳಿನಿಂದ ಒತ್ತಿ, ಹಸಿರು ಕಂಡ ಮೇಲೆಯೇ ಅವರು ರೊಟ್ಟಿ ಬಡಿಯಲು ಕೂರುತ್ತಿದ್ದರು. ಹೆಣ್ಣು ಕೊಡಲು ಬಂದವರು ಹುಡುಗನ ಸಂಬಳಕ್ಕಿಂತ ಮೊದಲು ಅವನ ಲೆವಲ್ಲಿನ ಬಣ್ಣ ಕೇಳುತ್ತಿದ್ದರು. ಗಣಿಯೊಳಗಿನ ಹಳಬರು ಹಿಂದೆಲ್ಲ ಹಾರೆಯಿಂದ ತಲೆಯ ಮೇಲಿನ ಬಂಡೆಯನ್ನು ಬಡಿದು, ಸದ್ದು ಕೇಳಿ, ಆಮೇಲೆ ಒಳಗೆ ಕಾಲಿಡುತ್ತಿದ್ದರು. ಈಗ ಆ ಅಭ್ಯಾಸವೂ ಬಿಟ್ಟುಹೋಗಿತ್ತು. ಬಂಡೆಗಣ್ಣು ಬಂದ ಮೇಲೆ ಗಣಿಯಿಂದ ಒಂದು ಹೆಣವೂ ಮೇಲೆ ಬಂದಿರಲಿಲ್ಲ.

ಅದನ್ನು ಕಟ್ಟಿದವಳು ನೀಲಾಂಬಿಕಾ. ಅದರ ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸುವ ಕೆಲಸ ಅವಳ ಅಕ್ಕ ದಾಕ್ಷಾಯಣಿಯದು. ತಂಗಿಯನ್ನು ಕಂಡರೆ ಅಕ್ಕನಿಗೆ ಪ್ರೀತಿ ಇತ್ತು. ಅದರ ಜೊತೆಗೇ ಆರದ ಹೊಟ್ಟೆಕಿಚ್ಚೂ ಇತ್ತು.

ಅದು ಶುರುವಾದದ್ದು ನೀಲಾ ಎಂಟನೇ ತರಗತಿಯಲ್ಲಿದ್ದಾಗ. ದಾಕ್ಷಾಯಣಿ ಆಗ ಬಿ.ಎಸ್ಸಿ. ಓದುತ್ತಿದ್ದಳು. ಒಂದು ಸಂಜೆ ಅವಳು ಬೀಸುವ ಕಲ್ಲಿನ ಮುಂದೆ ತಂಗಿಯನ್ನು ಕೂರಿಸಿಕೊಂಡು ಧ್ರುವೀಯ ನಿರ್ದೇಶಾಂಕ ಹೇಳಿಕೊಟ್ಟಳು. ಕಲ್ಲಿನ ಮೇಲೆ ಒಂದು ಜೋಳದ ಕಾಳು ಇಟ್ಟು, "ನೋಡು, ಇದು ಎಲ್ಲದ ಅಂತ ಹೇಳಾಕ ಅಡ್ಡ ಎಷ್ಟು, ಉದ್ದ ಎಷ್ಟು ಅಂತ ಅಳೀಬೇಕಾಗಿಲ್ಲ. ನಡುವಿನ ಗೂಟದಿಂದ ಎಷ್ಟು ದೂರ, ಕಲ್ಲು ಎಷ್ಟು ತಿರುಗ್ಯದ, ಎರಡು ಹೇಳಿದ್ರ ಸಾಕು" ಎಂದಳು. ಮರುದಿನ ಅವಳು ಒಂದು ಅನುಕಲನದ ಲೆಕ್ಕದ ಮುಂದೆ ಕೂತು ಪೆನ್ಸಿಲ್ ಕಚ್ಚುತ್ತಿದ್ದಳು. ವಾರದಿಂದ ಬಿಡಿಸಲಾಗದ ಲೆಕ್ಕ ಅದು. ನೀಲಾ ಹೆಗಲ ಮೇಲಿಂದ ಬಗ್ಗಿ ನೋಡಿ, "ಅಕ್ಕಾ, ಇದನ್ನೂ ಕಲ್ಲಿನಂಗ ತಿರುಗಿಸಿ ನೋಡಿದ್ರ?" ಎಂದಳು. ದಾಕ್ಷಾಯಣಿ ತಿರುಗಿಸಿ ನೋಡಿದಳು. ಲೆಕ್ಕ ಮೂರು ಸಾಲಿನಲ್ಲಿ ಬಿಚ್ಚಿಕೊಂಡಿತು. ಅವಳು ತಂಗಿಯ ತಲೆ ಸವರಿದಳು, ನಕ್ಕಳು. ಆದರೆ ಒಳಗೆ ಏನೋ ಚುಚ್ಚಿತು. ಆ ಮುಳ್ಳು ಮತ್ತೆ ಹೊರಗೆ ಬರಲೇ ಇಲ್ಲ.

ಆಮೇಲೆ ದಾಕ್ಷಾಯಣಿಗೆ ವಿಶ್ವವಿದ್ಯಾಲಯದ ಚಿನ್ನದ ಪದಕ ಬಂತು, ಗಣಿಯ ಪಾಳಿ ಮೇಸ್ತ್ರಿ ಅಮರೇಶನ ಜೊತೆ ಮದುವೆಯಾಯಿತು, ಗಣಿಯ ಕಚೇರಿಯಲ್ಲಿ ಕೆಲಸವೂ ಸಿಕ್ಕಿತು. ನೀಲಾ ಪುಣೆಯಲ್ಲಿ ಓದಿ, ಬಂಡೆಯೊಳಗೆ ಕಾಣುವ ಕಣ್ಣಿನ ಕನಸು ಹೊತ್ತು ಅದೇ ಗಣಿಗೆ ಬಂದಳು, ಅಕ್ಕನ ಮೇಲಧಿಕಾರಿಯಾಗಿ.

ಯಂತ್ರ ಇದ್ದದ್ದು ಒಂಬತ್ತನೇ ಲೆವಲ್ಲಿನ ಒಂದು ಕೋಣೆಯಲ್ಲಿ. ನೆಲಕ್ಕೆ ಬಿಗಿದ ಉಕ್ಕಿನ ಪೀಪಾಯಿಯಂತಿದ್ದ ಅದು, ಕಿವಿಗೆ ಕೇಳದಂಥ ಬಡಿತವೊಂದನ್ನು ಸುತ್ತಲ ಬಂಡೆಯೊಳಕ್ಕೆ ಎಲ್ಲ ದಿಕ್ಕಿಗೂ ಕಳಿಸುತ್ತಿತ್ತು. ಎದುರಾದ ಪ್ರತಿ ಬಿರುಕಿನಿಂದಲೂ ಪ್ರತಿಧ್ವನಿ ಮರಳುತ್ತಿತ್ತು. ಸಾವಿರಾರು ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಬರೀ ಗದ್ದಲವಾಗಿ ತಲುಪುತ್ತಿದ್ದವು. ಆ ಗದ್ದಲದಿಂದ ಹಿಂದಕ್ಕೆ ನಡೆದು, ಯಾವ ಬಿರುಕು ಎಷ್ಟು ದೂರದಲ್ಲಿ, ಯಾವ ಕೋನದಲ್ಲಿ ಇದೆ ಎಂದು ಬಿಡಿಸುವ ಲೆಕ್ಕವೇ ವಿಲೋಮ ಪರಿವರ್ತನೆ. ಅಮರೇಶ ಅದನ್ನು ತನ್ನ ಪಾಳಿಯವರಿಗೆ ಹೇಳುತ್ತಿದ್ದ ರೀತಿಯೇ ಬೇರೆ. "ಕುದ್ದ ಸಾರಿನ ಒಂದು ಗುಟುಕು ಕುಡಿದು, ಬ್ಯಾಳಿ ಎಷ್ಟು, ಹುಣಸಿ ಎಷ್ಟು, ಉಪ್ಪು ಎಷ್ಟು ಅಂತ ಹೇಳಿದಂಗ. ನಮ್ಮ ನೀಲಾ ಹೇಳ್ತಾಳ!"

'ನಮ್ಮ ನೀಲಾ' ಎಂಬ ಮಾತು ಊರಿನ ಎಲ್ಲರ ಬಾಯಲ್ಲೂ ಇತ್ತು. ಮನೆ ಹುಡುಕಿಕೊಂಡು ಬಂದವರು, "ನೀಲಾ ಮೇಡಮ್ಮಾರ ಅಕ್ಕನ ಮನಿ ಇದೇನ್ರಿ?" ಎಂದು ಕೇಳುತ್ತಿದ್ದರು. ಪ್ರತಿ ಗುರುವಾರ ನೀಲಾ ಊಟಕ್ಕೆ ಬಂದರೆ, ದಾಕ್ಷಾಯಣಿಯ ಮನೆಯಲ್ಲೇ ಇದ್ದ ಅವ್ವ ಅವಳ ರೊಟ್ಟಿಗೆ ಹಾಕುವ ಬೆಣ್ಣೆ ದಾಕ್ಷಾಯಣಿಯ ಕಣ್ಣಿಗೆ ಯಾವಾಗಲೂ ತುಸು ಹೆಚ್ಚೇ ಕಾಣುತ್ತಿತ್ತು. ಐವತ್ತರ ಹತ್ತಿರಕ್ಕೆ ಬಂದವಳು ತಾನು, ಬೆಣ್ಣೆ ಅಳೆಯುತ್ತ ಕೂತಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು. ಆದರೂ ಕಣ್ಣು ಅಳೆಯುವುದನ್ನು ಬಿಡುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಉರಿಸುತ್ತಿದ್ದದ್ದು ನೀಲಾಳ ಉಪಕಾರ ಸ್ಮರಣೆ. ಪ್ರತಿ ಸಭೆಯಲ್ಲೂ ಅವಳು, "ನನಗೆ ಮೊದಲು ಗಣಿತ ಕಲಿಸಿದ್ದು ನಮ್ಮಕ್ಕ" ಎನ್ನುತ್ತಿದ್ದಳು. ಜನ ಚಪ್ಪಾಳೆ ತಟ್ಟುತ್ತಿದ್ದರು. ದಾಕ್ಷಾಯಣಿಗೆ ತಾನೊಂದು ಏಣಿ ಎನ್ನಿಸುತ್ತಿತ್ತು. ಹತ್ತಿದ ಮೇಲೆ ಏಣಿಯನ್ನು ಗೋಡೆಗೆ ಒರಗಿಸಿಡುತ್ತಾರೆ, ಅಷ್ಟೇ.

ಆ ವರ್ಷ ಬಂಡೆಗಣ್ಣನ್ನು ದೇಶದ ಎಲ್ಲ ಗಣಿಗಳಿಗೂ ಹಾಕಬೇಕೇ ಎಂದು ತೀರ್ಮಾನಿಸಲು ಒಂದು ಸಮಿತಿ ಬರುವುದಿತ್ತು. ಸಭೆ ಶುಕ್ರವಾರಕ್ಕೆ ಗೊತ್ತಾಗಿತ್ತು. ಅದಕ್ಕೆ ಮೊದಲು ಇಡೀ ಲೆಕ್ಕವನ್ನು ಹೊಸದಾಗಿ ಪರೀಕ್ಷಿಸಿ ಒಪ್ಪಿಗೆ ಕೊಡಬೇಕೆಂದು ನೀಲಾ ಅಕ್ಕನಿಗೆ ಹೇಳಿದ್ದಳು.

ಮಂಗಳವಾರ ಮಧ್ಯಾಹ್ನ ದಾಕ್ಷಾಯಣಿ ನಿಯಂತ್ರಣ ಕೊಠಡಿಯ ಮೂಲೆಯ ಮೇಜಿನಲ್ಲಿ ಕೂತು ಆ ಕೆಲಸ ಮಾಡುತ್ತಿದ್ದಳು. ಪರೀಕ್ಷೆಯ ರೀತಿ ಸುಲಭದ್ದು. ಇಂಥ ದೂರದಲ್ಲಿ, ಇಂಥ ಕೋನದಲ್ಲಿ ಒಂದು ಬಿರುಕು ಇದೆ ಎಂದು ಊಹಿಸಿಕೊಳ್ಳುವುದು. ಅದರಿಂದ ಎಂಥ ಪ್ರತಿಧ್ವನಿ ಬರಬೇಕೋ ಕೈಯಿಂದಲೇ ಲೆಕ್ಕ ಹಾಕುವುದು. ಆ ಉತ್ತರವನ್ನು ಯಂತ್ರದ ವಿಲೋಮ ಲೆಕ್ಕಕ್ಕೆ ಕೊಟ್ಟು, ಅದೇ ಬಿರುಕು ಅದೇ ಜಾಗದಲ್ಲಿ ಮರಳಿ ಬರುತ್ತದೆಯೇ ನೋಡುವುದು. ಐನೂರು ಮೀಟರ್ ದೂರ ಇಟ್ಟ ಬಿರುಕು ಮರಳಿ ಬಂತು. ಎಂಬತ್ತು ಮೀಟರ್ ದೂರದ್ದೂ ಬಂತು. ನಲವತ್ತರದ್ದೂ ಬಂತು. ಹನ್ನೆರಡು ಮೀಟರ್ ದೂರ ಇಟ್ಟ ಬಿರುಕು ಬರಲಿಲ್ಲ. ಪರದೆಯ ಮೇಲೆ ಬರೀ ಹಸಿರು.

ತನ್ನ ಲೆಕ್ಕವೇ ತಪ್ಪಿರಬೇಕೆಂದು ಅವಳು ಹೊಸ ಹಾಳೆ ತೆಗೆದುಕೊಂಡಳು. ಕೋನ ಬದಲಿಸಿದಳು. ಬಿರುಕನ್ನು ದೊಡ್ಡದು ಮಾಡಿದಳು. ಮತ್ತೆ ಹಸಿರು.

ಆಮೇಲೆ ಅವಳು ನೀಲಾಳ ಮೂಲ ಸೂತ್ರವನ್ನು ಸಾಲು ಸಾಲಾಗಿ ಓದಿದಳು. ಧ್ರುವೀಯ ಲೆಕ್ಕದಲ್ಲಿ ಕೇಂದ್ರ ಯಾವಾಗಲೂ ತೊಂದರೆಯ ಜಾಗ. ವಿಲೋಮ ಮಾಡುವಾಗ ದೂರದಿಂದ ಭಾಗಿಸಬೇಕಾಗುತ್ತದೆ. ದೂರ ಸೊನ್ನೆಗೆ ಹತ್ತಿರವಾದರೆ ಸಣ್ಣ ತಪ್ಪೂ ಗುಡ್ಡದಷ್ಟಾಗಿ ಸಿಡಿಯುತ್ತದೆ. ಅದಕ್ಕೇ ನೀಲಾ ಕೇಂದ್ರದ ಸುತ್ತ ಒಂದು ಸಣ್ಣ ವೃತ್ತದಲ್ಲಿ ಲೆಕ್ಕ ಮಾಡದೆ, ಅಂಚಿನ ಬಂಡೆಯ ಬಣ್ಣವನ್ನೇ ಒಳಗೂ ತುಂಬಿಸಿದ್ದಳು. ಮೊದಲು ಆ ವೃತ್ತ ಮೂರು ಮೀಟರಿನದಾಗಿತ್ತು, ಅಂದರೆ ಯಂತ್ರದ ಕೋಣೆಯಷ್ಟೇ. ಅಲ್ಲಿ ನೋಡಲು ಬಂಡೆಯೇ ಇರಲಿಲ್ಲ, ಆದ್ದರಿಂದ ತಪ್ಪೂ ಇರಲಿಲ್ಲ. ಆದರೆ ನೀಲಾ ಅದನ್ನು ಮೂರು ಮೀಟರ್ ಎಂದು ಬರೆದಿರಲಿಲ್ಲ. ಯಂತ್ರ ನೋಡುವ ಒಟ್ಟು ದೂರದ ಇಂತಿಷ್ಟು ಪಾಲು ಎಂದು ಬರೆದಿದ್ದಳು. ಆಗ ಯಂತ್ರ ನೋಡುತ್ತಿದ್ದದ್ದು ಇನ್ನೂರು ಮೀಟರ್. ಹಿಂದಿನ ವರ್ಷ ಅದರ ಶಕ್ತಿ ಹೆಚ್ಚಿಸಿ ಒಂದು ಕಿಲೋಮೀಟರ್ ಮಾಡಿದ್ದರು. ದೂರ ಐದು ಪಟ್ಟಾದಾಗ ಒಳಗಿನ ವೃತ್ತವೂ ಸದ್ದಿಲ್ಲದೆ ಐದು ಪಟ್ಟಾಗಿತ್ತು. ಕೋಣೆಯ ಸುತ್ತಲಿನ ಹದಿನೈದು ಮೀಟರ್ ಬಂಡೆಯನ್ನು ಬಂಡೆಗಣ್ಣು ನೋಡುತ್ತಲೇ ಇರಲಿಲ್ಲ. ಆಚೆಯ ಹಸಿರನ್ನು ತಂದು ಈಚೆಗೆ ಬಳಿಯುತ್ತಿತ್ತು.

ದಾಕ್ಷಾಯಣಿ ಪೆನ್ನು ಕೆಳಗಿಟ್ಟಳು. ಅವಳ ಮೈ ಬಿಸಿಯಾಗಿತ್ತು. ಅದು ಹೆದರಿಕೆಯಲ್ಲ, ಸಂತೋಷ. ಎಷ್ಟೋ ವರ್ಷಗಳಿಂದ ಬಾಯಾರಿದವಳಿಗೆ ಯಾರೋ ತಂಬಿಗೆ ನೀರು ಕೊಟ್ಟಂಥ ಸಂತೋಷ.

ಗಾಜಿನ ಗೋಡೆಯಾಚೆ ನೀಲಾ ಗಣಿಯ ವ್ಯವಸ್ಥಾಪಕ ಖಾದ್ರಿ ಸಾಹೇಬರ ಜೊತೆ ನಿಂತು ಏನೋ ಹೇಳಿ ನಗುತ್ತಿದ್ದಳು. ಅಕ್ಕನನ್ನು ನೋಡಿ ಬಾಗಿಲಿನಿಂದ ಇಣುಕಿದಳು. "ಹೆಂಗ ನಡದದಕ್ಕ? ಏನರ ಸಿಕ್ತೇನು?"

"ಇನ್ನಾ ನೋಡಾಕತ್ತೀನಿ," ಎಂದಳು ದಾಕ್ಷಾಯಣಿ.

ನೀಲಾ ಅಷ್ಟಕ್ಕೇ ತಿರುಗಿ ಹೋದಳು. ಒಂದು ಮಾತು ಹೇಳಿದ್ದರೆ ನೀಲಾ ಅಲ್ಲೇ ಕುರ್ಚಿ ಎಳೆದುಕೊಂಡು ಕೂತು, ಸಂಜೆಯೊಳಗೆ ಸರಿಮಾಡಿ, "ನಮ್ಮಕ್ಕ ಹಿಡದು ಕೊಟ್ಳು" ಎಂದು ಮತ್ತೆ ಎಲ್ಲರೆದುರು ಹೊಗಳಿ, ಆ ಹೊಗಳಿಕೆಯಿಂದಲೇ ಇನ್ನಷ್ಟು ದೊಡ್ಡವಳಾಗುತ್ತಿದ್ದಳು. ದಾಕ್ಷಾಯಣಿಗೆ ಅದು ಬೇಕಿರಲಿಲ್ಲ. ಶುಕ್ರವಾರ ಸಮಿತಿಯ ಎದುರು ತಾನೇ ಎದ್ದು ನಿಲ್ಲಬೇಕು. ತಪ್ಪು ತೋರಿಸಿದರೆ ಸಾಲದು, ಸರಿ ಉತ್ತರವನ್ನೂ ತಾನೇ ಕೊಡಬೇಕು. ಆ ಕುರುಡು ವೃತ್ತದೊಳಗೆ ನಿಜವಾಗಿ ಏನಿದೆ ಎಂದು ಬಿಡಿಸಿ ತೋರಿಸಬೇಕು. ಒಂಬತ್ತನೇ ಲೆವಲ್ಲಿನ ಆ ಕೋಣೆಗೆ ಬೀಗ ಹಾಕಿದೆ, ಅಲ್ಲಿಗೆ ಯಾರೂ ಹೋಗುವುದಿಲ್ಲ, ಮೂರು ದಿನದಲ್ಲಿ ಏನೂ ಆಗುವುದಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆ ಮಾತು ಸುಳ್ಳೂ ಆಗಿರಲಿಲ್ಲ.

ಅವಳು ಕೇಂದ್ರದ ಲೆಕ್ಕಕ್ಕೆ ಬೇರೆ ದಾರಿ ಹಿಡಿದಳು. ಗದ್ದಲವನ್ನು ಕೋನದ ಪ್ರಕಾರ ಬೇರೆ ಬೇರೆ ಅಲೆಗಳಾಗಿ ಬಿಡಿಸಿಕೊಂಡಳು. ಕೇಂದ್ರ ಹತ್ತಿರವಾದಂತೆ ಪ್ರತಿಯೊಂದು ಅಲೆಯೂ ಹೇಗೆ ಇಳಿಯಬೇಕು ಎಂಬುದಕ್ಕೆ ನಿಯಮವಿದೆ. ಆ ನಿಯಮ ಹಿಡಿದು ಒಂದೊಂದು ಅಲೆಯನ್ನೂ ಬೇರೆಯಾಗಿ ವಿಲೋಮ ಮಾಡಿದರೆ ಭಾಗಾಕಾರ ಸಿಡಿಯುವುದಿಲ್ಲ. ಬಹಳ ನಿಧಾನದ ಕೆಲಸ. ಆದರೆ ಬುಧವಾರ, ಗುರುವಾರ ಅವಳು ಹಸಿವು ಮರೆತು ಕೂತಳು. ಕಾಲೇಜು ಬಿಟ್ಟ ಮೇಲೆ ಗಣಿತ ಅವಳಿಗೆ ಅಷ್ಟು ಸುಖ ಕೊಟ್ಟಿರಲಿಲ್ಲ. ಗುರುವಾರ ಸಂಜೆಯ ಹೊತ್ತಿಗೆ ಅರ್ಧ ಅಲೆಗಳು ಸೇರಿದ್ದವು. ಕೋಣೆಯ ಮೇಲ್ಭಾಗದಲ್ಲಿ ಮಸುಕಾದ ಒಂದು ಗೆರೆ ಕಂಡಿತು. ಬಿರುಕಿರಬಹುದು, ಲೆಕ್ಕದ ಕಸವೂ ಇರಬಹುದು. ಇನ್ನರ್ಧ ಸೇರಿಸದೆ ಹೇಳಲಾಗದು.

ಅಂದು ನೀಲಾ ಊಟಕ್ಕೆ ಬರಲಿಲ್ಲ, ಸಭೆಯ ತಯಾರಿಯಲ್ಲಿದ್ದಳು. ಅಮರೇಶ ಸ್ನಾನ ಮುಗಿಸಿ ಬಂದು ತಟ್ಟೆಯ ಮುಂದೆ ಕೂತ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

"ನಾಳೆ ಮುಂಜಾನೆ ನಂದು ಒಂಬತ್ತನೇ ಲೆವಲ್ಲಿಗೆ ಕೆಲಸ," ಎಂದ ಅವನು. "ಸಮಿತಿಯವರು ಮಧ್ಯಾಹ್ನ ಯಂತ್ರ ನೋಡಾಕ ಇಳಿತಾರಂತ. ಕೋಣಿ ಇಕ್ಕಟ್ಟಾಗ್ಯದ, ಒಂದ್ ಕಡಿ ಗ್ವಾಡಿ ಒಡದು ಅಗಲ ಮಾಡಬೇಕು."

ದಾಕ್ಷಾಯಣಿಯ ಕೈ ರೊಟ್ಟಿ ಬುಟ್ಟಿಯ ಮೇಲೆ ನಿಂತಿತು. "ಯಾವ ಕೋಣಿ?"

"ಬಂಡೆಗಣ್ಣಿನ ಕೋಣಿನ. ಮತ್ಯಾವುದು?"

"ಅಲ್ಲಿ... ಅಲ್ಲಿ ಒಡೆಯೋದು ಬ್ಯಾಡ್ರಿ. ಮೇಲಿನ ಬಂಡಿ ಹೆಂಗದ ಅಂತ ಗೊತ್ತಿಲ್ಲ."

ಅಮರೇಶ ಜೋರಾಗಿ ನಕ್ಕ. "ಗೊತ್ತಿಲ್ಲ ಅಂದ್ರ? ಕಣ್ಣಿನ ಬುಡದಾಗ ಕುಂತೀವಿ, ಅದಕ್ಕಿಂತ ಗಟ್ಟಿ ಜಾಗ ಯಾವುದದ? ನೋಡು, ಅಚ್ಚ ಹಸಿರು." ಎಡಗೈಯಿಂದ ಮೊಬೈಲ್ ಎತ್ತಿ ತೋರಿಸಿದ. "ನೀ ಸುಮ್ನ ಅಂಜಬ್ಯಾಡ. ನಮ್ಮ ನೀಲಾನ ಕಣ್ಣು ಅದು. ಆಕಿ ಲೆಕ್ಕ ತಪ್ಪಾಂಗಿಲ್ಲ."

ಆಕಿ ಲೆಕ್ಕ ತಪ್ಪಾಂಗಿಲ್ಲ. ದಾಕ್ಷಾಯಣಿಯ ನಾಲಿಗೆಯ ತುದಿಗೆ ಬಂದಿದ್ದ ಮಾತು ಹಿಂದಕ್ಕೆ ಹೋಯಿತು. ಇಪ್ಪತ್ತೆರಡು ವರ್ಷ ಜೊತೆಗೆ ಬಾಳಿದ ಗಂಡನಿಗೆ ತನ್ನ ಹೆದರಿಕೆಗಿಂತ ನೀಲಾಳ ಹಸಿರು ಬಣ್ಣ ಹೆಚ್ಚು. ಹೇಳಿದರೆ ನಂಬುತ್ತಾನೆಯೇ? ನೀಲಾಗೇ ಫೋನ್ ಮಾಡಿ ಕೇಳುತ್ತಾನೆ. ನೀಲಾ ಅರ್ಧ ನಿಮಿಷದಲ್ಲಿ ತಿಳಿದುಕೊಳ್ಳುತ್ತಾಳೆ. ನಾಳಿನ ಸಭೆ ಅವಳ ಸಭೆಯಾಗಿಯೇ ಉಳಿಯುತ್ತದೆ. ಗೆರೆ ಕಸವೇ ಇರಬೇಕು. ಮುಂಜಾನೆ ಬೇಗ ಹೋಗಿ ಲೆಕ್ಕ ಮುಗಿಸಿದರೆ ಆಯಿತು. ಕೆಲಸ ಶುರುವಾಗುವ ಮೊದಲೇ ತಿಳಿದುಬಿಡುತ್ತದೆ.

ಅವಳು ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ನೀಡಿದಳು.

ಮುಂಜಾನೆ ಲೆಕ್ಕ ಅವಳು ಎಣಿಸಿದಷ್ಟು ಬೇಗ ಮುಗಿಯಲಿಲ್ಲ. ಅಮರೇಶ ತನ್ನ ಪಾಳಿಯ ಆರು ಜನರ ಜೊತೆ ಗಣಿಯ ಲಿಫ್ಟಾದ ಕೇಜಿನಲ್ಲಿ ಇಳಿದುಹೋದ. ಸಮಿತಿಯ ಕಾರುಗಳು ಬಂದವು. ಪಕ್ಕದ ಸಭಾಂಗಣದಲ್ಲಿ ನೀಲಾ ಮಾತು ಶುರುಮಾಡಿದ್ದು ಗೋಡೆಯಾಚೆಯಿಂದ ಕೇಳಿಸಿತು. ಕೊನೆಯ ಅಲೆ ಸೇರಿದಾಗ ಪರದೆಯ ಮೇಲಿನ ಮಸುಕು ಗೆರೆ ಚೊಕ್ಕವಾಯಿತು. ಅದು ಕಸವಾಗಿರಲಿಲ್ಲ. ಕೋಣೆಯ ಮೇಲೆ, ಒಡೆಯಬೇಕಾಗಿದ್ದ ಗೋಡೆಯ ಕಡೆಯಿಂದಲೇ ಎದ್ದು, ಮೇಲ್ಬಂಡೆಯನ್ನು ಚಪ್ಪಡಿಯಂತೆ ಬಿಡಿಸಿ ಆಚೆ ಇಳಿದಿದ್ದ ಬಿರುಕು. ಆ ಗೋಡೆಯೊಂದೇ ಚಪ್ಪಡಿಯನ್ನು ಹೊತ್ತು ನಿಂತಿತ್ತು.

ದಾಕ್ಷಾಯಣಿ ಎದ್ದು ಓಡಿದಳು. ಸಭಾಂಗಣದ ಬಾಗಿಲು ದೂಡಿದಾಗ ಎಲ್ಲರೂ ತಿರುಗಿ ನೋಡಿದರು. ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ನೋಡಿದ್ದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. ಹಾಳೆಯನ್ನು ತಂಗಿಯ ಕೈಗೆ ತುರುಕಿದಳು.

"ನೀಲಾ, ಒಳಗಿನ ವೃತ್ತ ದೊಡ್ಡದಾಗ್ಯದ. ಹದಿನೈದು ಮೀಟರ್. ಕೋಣಿ ಮ್ಯಾಲ ಬಿರುಕದ. ಅವರು ಅಲ್ಲೇ ಅದಾರ."

ನೀಲಾ ಹಾಳೆ ನೋಡಿದಳು. ಎರಡು ಉಸಿರಿನಷ್ಟು ಹೊತ್ತು, ಅಷ್ಟೇ. ದಾಕ್ಷಾಯಣಿ ಒಂದು ಇಡೀ ಮಧ್ಯಾಹ್ನ ಹೆಣಗಿ ಹಿಡಿದದ್ದನ್ನು ಅವಳು ನಿಂತಲ್ಲೇ ಹಿಡಿದಳು. ಪಕ್ಕದಲ್ಲಿದ್ದ ಫೋನ್ ಎತ್ತಿ, "ಒಂಬತ್ತನೇ ಲೆವಲ್ ಖಾಲಿ ಮಾಡಸ್ರಿ. ಈಗಿಂದೀಗ," ಎಂದಳು.

ಖಾದ್ರಿ ಸಾಹೇಬರು ಎದ್ದು ನಿಂತರು. ಗೋಡೆಯ ದೊಡ್ಡ ಪರದೆ ತೋರಿಸುತ್ತ, "ಹಸಿರದಲ್ರಿ ಮೇಡಂ?" ಎಂದರು.

"ಯಂತ್ರ ತಪ್ಪದ ಸಾಹೇಬ್ರ. ನಾ ಬರದದ್ದ ತಪ್ಪದ. ಸೈರನ್ ಹಾಕಸ್ರಿ!"

ಸಮಿತಿಯ ಅಷ್ಟೂ ಜನರೆದುರು ಅವಳು ಅದನ್ನು ಹೇಳಿದಳು, ದನಿ ಕೂಡ ತಗ್ಗಿಸದೆ. ದಾಕ್ಷಾಯಣಿ ಬಾಗಿಲಿಗೆ ಒರಗಿ ನಿಂತಿದ್ದಳು. ಮೂರು ದಿನ ತಾನು ಬಚ್ಚಿಟ್ಟದ್ದನ್ನು ತಂಗಿ ಮೂರು ಮಾತಿನಲ್ಲಿ ಬಯಲು ಮಾಡಿ ಮುಗಿಸಿದ್ದಳು.

ಕೆಳಗೆ ಅಮರೇಶ ಸೈರನ್ ಕೇಳಿ ಮೊಬೈಲ್ ನೋಡಿದನಂತೆ. ಹಸಿರೇ ಇತ್ತು. ಆದರೂ ಮೇಸ್ತ್ರಿಯಾದವನು ಸೈರನ್ ಮೀರುವಂತಿಲ್ಲ. ಆರು ಜನರನ್ನೂ ಮುಂದೆ ಕಳಿಸಿ ತಾನು ಹಿಂದೆ ಹೊರಟ. ಕೋಣೆಯ ಬಾಯಿಗೆ ಬರುವಷ್ಟರಲ್ಲಿ ಚಪ್ಪಡಿ ಇಳಿಯಿತು.

ಸಭಾಂಗಣದಲ್ಲಿ ನೆಲ ಸಣ್ಣಗೆ ನಡುಗಿತು. ದೊಡ್ಡ ಪರದೆಯ ಹಸಿರು ಒಮ್ಮೆ ಮಿಟುಕಿ ಆರಿತು. ಬಂಡೆಗಣ್ಣು ಜಜ್ಜಿಹೋಗಿತ್ತು. ನೀಲಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆ ಕ್ಷಣದಲ್ಲಿ, ಗಂಡ ಬದುಕಿದ್ದಾನೋ ಇಲ್ಲವೋ ಗೊತ್ತಿಲ್ಲದ ಆ ಕ್ಷಣದಲ್ಲೂ, ಕಪ್ಪಾದ ಪರದೆ ನೋಡಿ ದಾಕ್ಷಾಯಣಿಯೊಳಗೆ ಏನೋ ಒಂದು ಚೂರು ತಣ್ಣಗಾಯಿತು. ಅದು ತನಗೆ ಗೊತ್ತಾದದ್ದೇ ಅವಳು ಅಳತೊಡಗಿದಳು. ಜನ ಗಂಡನಿಗಾಗಿ ಅಳುತ್ತಿದ್ದಾಳೆಂದು ನೀರು ಕೊಟ್ಟರು.

ಅಮರೇಶ ಬದುಕಿದ. ಆದರೆ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಮರುದಿನ ಆಸ್ಪತ್ರೆಯ ವರಾಂಡದಲ್ಲಿ ಅಕ್ಕ ತಂಗಿ ಬೆಂಚಿನ ಮೇಲೆ ಕೂತಿದ್ದರು. ಅವ್ವ ಒಳಗೆ ಅಳಿಯನ ಹತ್ತಿರ ಇದ್ದಳು. ಅಷ್ಟರೊಳಗೆ ಊರೆಲ್ಲ ಸುದ್ದಿಯಾಗಿತ್ತು, ಏಳು ಜೀವ ಉಳಿಸಿದ್ದು ದಾಕ್ಷಾಯಣಿ ಮೇಡಂ ಎಂದು. ಪಾಳಿಯವರ ಹೆಂಡಂದಿರು ಬಂದು ಅವಳ ಕಾಲು ಮುಟ್ಟಿ ಹೋಗಿದ್ದರು. ಸಮಿತಿಯ ಅಧ್ಯಕ್ಷರು ಯೋಜನೆಯ ಮುಂದಾಳತ್ವವನ್ನು ಅವಳೇ ವಹಿಸಿಕೊಳ್ಳಬೇಕೆಂದು ಹೇಳಿ ಕಳಿಸಿದ್ದರು. ಅವಳು ಜೀವಮಾನವಿಡೀ ಬಯಸಿದ್ದೆಲ್ಲ ಒಂದೇ ದಿನದಲ್ಲಿ ಬಂದು ಬಿದ್ದಿತ್ತು.

ನೀಲಾಳ ಕೈಯಲ್ಲಿ ಅಕ್ಕನ ಹಾಳೆ ಇನ್ನೂ ಇತ್ತು. ಅದನ್ನು ಮಡಿಲಲ್ಲಿ ಹರಡಿಕೊಂಡು ನೋಡುತ್ತಿದ್ದಳು.

"ಭಾಳ ಚೆಂದದ ಲೆಕ್ಕ ಅಕ್ಕ," ಎಂದಳು. "ಕೇಂದ್ರಕ್ಕ ಹಿಂಗ ಹೋಗಬೇಕು ಅಂತ ನಂಗ ಹೊಳದೇ ಇದ್ದಿಲ್ಲ."

ದಾಕ್ಷಾಯಣಿ ಗಂಡ ಮಲಗಿದ್ದ ಕೋಣೆಯ ಬಾಗಿಲ ಕಡೆ ನೋಡಿದಳು.

"ಆದ್ರ ಇಷ್ಟು ಅಲೆ ಬಿಡಸೋದು ಒಂದು ಮುಂಜಾನಿ ಕೆಲಸ ಅಲ್ಲ." ನೀಲಾ ತಲೆ ಎತ್ತಲಿಲ್ಲ. "ಯಾವಾಗ ಶುರು ಮಾಡಿದಿ?"

ನರ್ಸೊಬ್ಬಳು ತಳ್ಳುಗಾಡಿ ದೂಡಿಕೊಂಡು ಅವರೆದುರಿನಿಂದ ಹೋದಳು. ಅದರ ಗಾಲಿಯ ಸದ್ದು ಮೂಲೆ ದಾಟುವವರೆಗೂ ಕೇಳಿಸಿತು.

"ಮಂಗಳವಾರ," ಎಂದಳು ದಾಕ್ಷಾಯಣಿ.

ನೀಲಾ ಹಾಳೆಯನ್ನು ಮಡಚಿದಳು. ಮತ್ತೆ ಮಡಚಿದಳು. "ನಾ ಬಾಗಿಲಿಗೆ ಬಂದು ಕೇಳಿದ್ನಲ್ಲ ಅಕ್ಕ," ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಯಾಕೆ ಹೊಡೆದರೆಂದು ತಿಳಿಯದ ಚಿಕ್ಕ ಹುಡುಗಿಯ ದನಿಯಂತಿತ್ತು ಅದು. "ಯಾಕ?"

"ನಿನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ. ಬ್ಯಾರೆ ಏನೂ ಇಲ್ಲ."

ನೀಲಾ ಎದ್ದಳು. "ಭಾವಗ ನಾ ಹೇಳಾಂಗಿಲ್ಲ. ನೀನ ಹೇಳು," ಎಂದು ವರಾಂಡ ದಾಟಿ ಹೊರಟುಹೋದಳು.

ಅವ್ವ ಚಹಾ ಕುಡಿಯಲು ಹೊರಗೆ ಹೋದಾಗ ದಾಕ್ಷಾಯಣಿ ಗಂಡನ ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಹೇಳಿದಳು. ಅಮರೇಶ ಹೊದಿಕೆಯಡಿ ಬಲಗಾಲಿರಬೇಕಾದ ಜಾಗ ನೋಡುತ್ತ ಕೇಳಿದ. ಮುಗಿದ ಮೇಲೆ ಅವನು ಒಂದೇ ಪ್ರಶ್ನೆ ಕೇಳಿದ.

"ಗುರುವಾರ ಊಟಕ್ಕ ಕುಂತಾಗ ನಿಂಗ ಗೊತ್ತಿತ್ತೇನು?"

"ಅರ್ಧ ಗೊತ್ತಿತ್ತು."

"ನಾ ಹೋಗ್ತೀನಿ ಅಂದೆ. ನೀ ಇನ್ನೊಂದು ರೊಟ್ಟಿ ನೀಡಿದಿ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಅವಳು ಅಲ್ಲೇ ಕೂತಿದ್ದಳು. ಹೋಗೆಂದು ಅವನು ಹೇಳಲಿಲ್ಲ, ಇರೆಂದೂ ಹೇಳಲಿಲ್ಲ.

ಅಪಘಾತದ ಬಗ್ಗೆ ಸಮಿತಿ ನಡೆಸಿದ ವಿಚಾರಣೆಯ ದಿನ ದಾಕ್ಷಾಯಣಿ ಮುಂದಾಳತ್ವ ಬೇಡವೆಂದಳು, ಕಾರಣವನ್ನೂ ಹೇಳಿದಳು. ಅವಳ ಕೆಲಸ ಹೋಯಿತು. ಕಾಲು ಮುಟ್ಟಿದ್ದ ಹೆಂಗಸರು ಬೀದಿಯಲ್ಲಿ ಎದುರಾದರೆ ಸೆರಗು ಬಿಗಿ ಮಾಡಿಕೊಂಡು ಸರಿದು ಹೋದರು. ನೀಲಾಳ ತಪ್ಪನ್ನೂ ಸಮಿತಿ ಬಿಡಲಿಲ್ಲ. ಬಂಡೆಗಣ್ಣನ್ನು ದೇಶಕ್ಕೆ ಹಂಚುವ ಮಾತು ನಿಂತಿತು. ಗಣಿಯಲ್ಲಿ ಮತ್ತೆ ಹಾರೆಯ ಸದ್ದು ಕೇಳತೊಡಗಿತು. ಮನೆಯಲ್ಲಿ ಅಮರೇಶ ಊರುಗೋಲು ಹಿಡಿದು ನಡೆಯಲು ಕಲಿತ. ಹೆಂಡತಿಯ ಜೊತೆ ಬೇಕಾದಷ್ಟೇ ಮಾತಾಡಿದ: ನೀರು, ಮಾತ್ರೆ, ಕಿಟಕಿ ಮುಚ್ಚು. ಅವ್ವ ಯಾರನ್ನೂ ಬೈಯಲಿಲ್ಲ. ಆದರೆ ಗುರುವಾರ ಬಂದರೆ ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದಳು. ನೀಲಾ ಬರುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಅವಳು ಬಂದಳು. ಬಗಲಲ್ಲಿ ಕಾಗದದ ಕಟ್ಟು. ಚಪ್ಪಲಿ ಬಿಟ್ಟು ಒಳಗೆ ಬಂದವಳು ಅವ್ವನನ್ನು ಮಾತಾಡಿಸಿ, ಭಾವನ ಕಾಲು ಹೇಗಿದೆ ಎಂದು ಕೇಳಿ, ಕೊನೆಗೆ ಅಕ್ಕನ ಕಡೆ ತಿರುಗಿದಳು.

"ನಿನ್ನ ಕ್ಷಮಿಸೀನಿ ಅಂತ ತಿಳಕೋಬ್ಯಾಡ," ಎಂದಳು. "ಕ್ಷಮಿಸಿಲ್ಲ. ಹೊಸದಾಗಿ ಎರಡು ಯಂತ್ರ ಕೂಡ್ರಸಾಕತ್ತೀವಿ, ಬ್ಯಾರೆ ಬ್ಯಾರೆ ಲೆವಲ್ಲಿನಾಗ. ಒಂದರ ಬುಡ ಇನ್ನೊಂದು ನೋಡ್ತದ. ಎರಡೂ ಕೂಡಸೋ ಲೆಕ್ಕ ಆಗವಲ್ದು. ನಿನ್ನ ಅಲೆಗಳ ಲೆಕ್ಕ ಬೇಕು. ಸಂಬಳ ಇಲ್ಲ, ಹೆಸರೂ ಹಾಕಾಂಗಿಲ್ಲ. ಕುಂದರ್ತಿ ಏನು?"

ದಾಕ್ಷಾಯಣಿ ನೆಲದ ಮೇಲೆ ಚಾಪೆ ಹಾಸಿದಳು.

ಇಬ್ಬರೂ ಕೂತರು. ಒಂದು ಕೇಂದ್ರದಿಂದ ಅಳೆದ ದೂರ ಮತ್ತು ಕೋನವನ್ನು ಇನ್ನೊಂದು ಕೇಂದ್ರಕ್ಕೆ ಸಾಗಿಸಬೇಕಿತ್ತು. ಸಾಗಿಸುವಾಗ ಒಂದೊಂದು ಅಲೆಯೂ ಒಡೆದು ಹತ್ತು ಅಲೆಯಾಗುತ್ತಿತ್ತು. ಹಾಳೆಗಳು ತುಂಬಿದವು. ಬೇಕಾದ್ದನ್ನು ಬಿಟ್ಟರೆ ಅವರು ಬೇರೆ ಮಾತಾಡಲಿಲ್ಲ. ಹೊತ್ತು 'ಇಲ್ಲಿ ಗುರುತು ತಪ್ಪದ', 'ಈ ಪದ ಹೋಗ್ತದ' ಎನ್ನುವುದರಲ್ಲೇ ಕಳೆಯಿತು. ಅಮರೇಶ ಒಂದು ಸಲ ಊರುಗೋಲಿನ ಮೇಲೆ ಬಂದು, ಬಾಗಿಲಲ್ಲಿ ನಿಂತು ನೋಡಿ ಹೋದ.

ಬಿಸಿಲು ಇಳಿಯುವ ಹೊತ್ತಿಗೆ ನೀಲಾ ಇದ್ದಕ್ಕಿದ್ದಂತೆ ನೆಟ್ಟಗಾದಳು. "ಸಿಕ್ತು," ಎಂದು ಹೇಳಿ ಒಂದೇ ಉಸಿರಿನಲ್ಲಿ ನಾಲ್ಕು ಸಾಲು ಬರೆದಳು. ಮೂರನೇ ಸಾಲಿನಿಂದ ನಾಲ್ಕಕ್ಕೆ ಹೇಗೆ ಹಾರಿದಳೆಂದು ದಾಕ್ಷಾಯಣಿಗೆ ಕಾಣಲಿಲ್ಲ. ಅವಳು ನೋಡಿದಳು, ಮತ್ತೆ ನೋಡಿದಳು. ಒಳಗೆ ಅದೇ ಹಳೆಯ ಉರಿ ಎದ್ದಿತು. ಎಲ್ಲ ಕಳೆದುಕೊಂಡ ಮೇಲೂ ಅದು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. 'ಸರಿ ಅದ' ಎಂದು ತಲೆಯಾಡಿಸಿ, ಮನೆಯವರೆಲ್ಲ ಮಲಗಿದ ಮೇಲೆ ಒಬ್ಬಳೇ ಕೂತು ಬಿಡಿಸಿಕೊಳ್ಳಬಹುದಿತ್ತು. ಅವಳು ಯಾವಾಗಲೂ ಮಾಡುತ್ತಿದ್ದದ್ದು ಅದನ್ನೇ.

"ತಡಿ," ಎಂದಳು. "ಈ ಕಡೀ ಸಾಲು ನಂಗ ತಿಳೀಲಿಲ್ಲ. ಇನ್ನೊಮ್ಮಿ ಹೇಳು."

ಆ ಮಾತನ್ನು ಅವಳು ತಂಗಿಯೆದುರು ಆಡಿದ್ದು ಅದೇ ಮೊದಲು. ನೀಲಾ ಪೆನ್ನು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅಕ್ಕನ ಮುಖ ನೋಡಿದಳು. ಆಮೇಲೆ ಚಾಪೆಯ ಮೇಲೆ ಸರಿದು ಅಕ್ಕನ ಪಕ್ಕಕ್ಕೇ ಬಂದು ಕೂತು, ಹೊಸ ಹಾಳೆಯೊಂದನ್ನು ಇಬ್ಬರ ನಡುವೆ ಇಟ್ಟು, ಮೊದಲ ಸಾಲಿನಿಂದ ನಿಧಾನವಾಗಿ ಬರೆಯತೊಡಗಿದಳು.